ಕೈ ನಡುಗಿದರೆ ಮನೆಯೇ ಯಾಕೆ ನಡುಗಬೇಕು?

ಕಳೆದ ಬೇಸಿಗೆಯಲ್ಲಿ ಮಧುಗಿರಿ ಸೀಮೆಯ ವಳ್ಳೂರಿಗೆ ಹೋಗಿದ್ದೆ. ದೊಡ್ಡಮ್ಮನ ಮಗಳ ಮನೆ. ಅಕ್ಕನ ಮಗಳಿಗೆ ಇಪ್ಪತ್ತಮೂರು ವರ್ಷ. ಬಿ.ಎಡ್. ಮುಗಿಸಿ ಶಾಲೆಯೊಂದರಲ್ಲಿ ಪಾಠ ಹೇಳ್ತಾಳೆ. ನಾನು ಹೋದ ದಿನವೇ ಅವಳನ್ನು ನೋಡೋಕೆ ಗಂಡಿನ ಕಡೆಯವರು ಬರುವವರಿದ್ದರು. ಕೇಸರಿಬಾತು, ಉಪ್ಪಿಟ್ಟು ಎಲ್ಲಾ ಸಿದ್ಧ. ಹುಡುಗಿ ರೇಷ್ಮೆ ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದಳು. ಅಷ್ಟೇ ನೋಡಿ... ತಟ್ಟೆಯ ಮೇಲಿನ ಕಪ್ಪುಗಳು ಕಿಣಿ ಕಿಣಿ ಅನ್ನೋಕೆ ಶುರುವಾಯ್ತು. ಬಸಿಯ ತುಂಬ ಕಾಫಿ ಚೆಲ್ಲಿತು. ಗಂಡಿನ ಸೋದರತ್ತೆ ಎನ್ನುವವರು ಕಪ್ಪು ತಗೊಳ್ಳದೆ ಅವಳ ಕೈಯನ್ನೇ ನೋಡಿದರು. "ಏನಮ್ಮಾ, ಹುಡುಗಿಗೆ ನರದ ದೌರ್ಬಲ್ಯ ಏನಾದ್ರೂ ಇದ್ಯಾ?" ಅಂತ ಎಲ್ಲರ ಮುಂದೆಯೇ ಕೇಳಿಬಿಟ್ಟರು.

ಮುಂದಿನದ್ದು ನಿಮಗೆ ಗೊತ್ತೇ ಇದೆ. "ಫೋನ್ ಮಾಡಿ ತಿಳಿಸ್ತೀವಿ" ಎಂದು ಹೋದವರು ತಿಳಿಸಲೇ ಇಲ್ಲ. ರಾತ್ರಿ ಅಡುಗೆಮನೆಯಲ್ಲಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಎರಡು ವರ್ಷದಿಂದ ಹಿಂಗೇ ಕಣೇ. ಶಕ್ತಿ ಇಂಜೆಕ್ಷನ್ ಹಾಕಿಸಿದ್ದಾಯ್ತು, ಟಾನಿಕ್ ಕುಡಿಸಿದ್ದಾಯ್ತು, ತಾಯತ ಕಟ್ಟಿಸಿದ್ದಾಯ್ತು. ಯಾರ್ಗೂ ಹೇಳ್ಬೇಡ" ಅಂದಳು.

ಆದರೆ ಹುಡುಗಿ ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ನಿಂತಿತು. "ಸುಮ್ನೆ ಕೂತಾಗ ನಡುಗಲ್ಲ ಚಿಕ್ಕಮ್ಮ. ಲೋಟ ಹಿಡಿದಾಗ, ಬೋರ್ಡ್ ಮೇಲೆ ಬರೆಯೋವಾಗ, ಸೂಜಿಗೆ ದಾರ ಪೋಣಿಸೋವಾಗ ಮಾತ್ರ. ಯಾರಾದ್ರೂ ನೋಡ್ತಿದ್ರೆ ಇನ್ನೂ ಜಾಸ್ತಿ." ಆಗಲೇ ಜಗುಲಿಯ ಮೇಲಿದ್ದ ಅವಳ ತಾತ ಮಜ್ಜಿಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಾಯಿಗೆ ತರುತ್ತಿದ್ದದ್ದು ಕಣ್ಣಿಗೆ ಬಿತ್ತು. ಕೇಳಿದರೆ, "ನಂಗೆ ವಯಸ್ಸಿನಿಂದ್ಲೂ ಹಿಂಗೇ ಕಣಮ್ಮ. ನೇಗಿಲು ಹಿಡಿಯೋಕೆ ಏನೂ ತೊಂದ್ರೆ ಆಗ್ಲಿಲ್ಲ" ಅಂದರು. ಮನೆಯ ಜಗುಲಿಯಲ್ಲೇ ಉತ್ತರ ಕೂತಿತ್ತು. ಯಾರೂ ಕೇಳಿರಲಿಲ್ಲ, ಅಷ್ಟೆ!

ಇದು ಒಂದು ಮನೆಯ ಕಥೆಯಲ್ಲ. ಆರೋಗ್ಯವಾಗಿರುವ, ಓದುತ್ತಿರುವ, ಕೆಲಸಕ್ಕೆ ಹೋಗುತ್ತಿರುವ ಮಕ್ಕಳ ಕೈ ಸ್ವಲ್ಪ ನಡುಗಿದರೆ ಸಾಕು, ನಾವು ಅಮ್ಮಂದಿರು ಎರಡರಲ್ಲಿ ಒಂದು ಮಾಡುತ್ತೇವೆ. ಒಂದೋ ಗಾಬರಿಯಾಗಿ ಊರೆಲ್ಲ ಸುತ್ತುತ್ತೇವೆ, ಇಲ್ಲವೇ ಮುಚ್ಚಿಡುತ್ತೇವೆ. ಎರಡೂ ತಪ್ಪು. ಹಾಗಾದರೆ ಏನು ಮಾಡಬೇಕು? ಬನ್ನಿ, ನಿಧಾನವಾಗಿ ನೋಡೋಣ.

ನಡುಗದ ಕೈ ಯಾರದ್ದು?

ಈಗಲೇ ಒಂದು ಪರೀಕ್ಷೆ ಮಾಡಿ. ಎರಡೂ ಕೈಯನ್ನು ಮುಂದಕ್ಕೆ ಚಾಚಿ, ಬೆರಳು ಅಗಲಿಸಿ, ಮೇಲೆ ಒಂದು ತೆಳು ಕಾಗದ ಇಡಿ. ಕಾಗದದ ಅಂಚು ಸಣ್ಣಗೆ ಅದುರುತ್ತೆ ಅಲ್ವಾ? ಹೆದರಬೇಡಿ. ಜೀವ ಇರುವ ಪ್ರತಿಯೊಬ್ಬರ ಕೈಯಲ್ಲೂ ಈ ನಡುಕ ಇದೆ. ಸೆಕೆಂಡಿಗೆ ಸುಮಾರು 8ರಿಂದ 12 ಸಲ ಅದುರುವ ಇದು ಸಹಜ ನಡುಕ. ಸಾಮಾನ್ಯವಾಗಿ ಕಣ್ಣಿಗೆ ಕಾಣುವುದಿಲ್ಲ.

ಅದು ಕಾಣುವಷ್ಟು ಹೆಚ್ಚಾಗೋದು ಯಾವಾಗ? ಭಯವಾದಾಗ, ಸಿಟ್ಟು ಬಂದಾಗ, ನಿದ್ದೆಗೆಟ್ಟಾಗ, ಹೊಟ್ಟೆ ಹಸಿದಾಗ, ಭಾರ ಎತ್ತಿ ಸುಸ್ತಾದಾಗ. ಆಗ ಮೈಯಲ್ಲಿ ಅಡ್ರಿನಲಿನ್ ಏರುತ್ತೆ, ನಡುಕವೂ ಏರುತ್ತೆ. ಪರೀಕ್ಷೆ ಹಾಲಿನಲ್ಲಿ ಪೆನ್ನು ಅದುರೋದು, ಮೊದಲ ಸಲ ಮೈಕ್ ಹಿಡಿದಾಗ ಕಾಗದ ಪಟಪಟ ಅನ್ನೋದು ಇದೇ. ಹೆಣ್ಣು ನೋಡುವ ಶಾಸ್ತ್ರವಂತೂ ಇದಕ್ಕೆ ಹೇಳಿ ಮಾಡಿಸಿದ ಜಾಗ! ಹತ್ತು ಜನ ಅಪರಿಚಿತರು ಕಣ್ಣು ಮಿಟುಕಿಸದೆ ನೋಡುತ್ತಿರುವಾಗ, ತುಂಬಿದ ಕಪ್ಪು ಹಿಡಿದು ನಡೆಯಬೇಕೆಂದರೆ ಯಾರ ಕೈ ತಾನೇ ಸುಮ್ಮನಿದ್ದೀತು?

ಅರ್ಧ ಉತ್ತರ ಮನೆಯಲ್ಲೇ ಇದೆ

ಡಾಕ್ಟರ ಬಳಿ ಹೋಗುವ ಮುನ್ನ ಮನೆಯನ್ನೇ ಒಮ್ಮೆ ನೋಡಿ.

ಮಗ ಅಥವಾ ಮಗಳು ದಿನಕ್ಕೆ ಎಷ್ಟು ಕಾಫಿ, ಟೀ ಕುಡಿಯುತ್ತಾರೆ? ಗಟ್ಟಿ ಡಿಕಾಕ್ಷನ್ನಿನ ನಾಲ್ಕೈದು ಲೋಟ ಇಳಿಸಿದರೆ ಕೈ ಅದುರುವುದು ಸಹಜ. ಈಗಿನ ಹುಡುಗರು ಡಬ್ಬಿಯಲ್ಲಿ ಬರುವ ಎನರ್ಜಿ ಡ್ರಿಂಕ್ ಕುಡೀತಾರೆ, ಜಿಮ್‌ಗೆ ಹೋಗುವ ಮುನ್ನ ಯಾವುದೋ ಪುಡಿ ಕಲೆಸಿ ಕುಡೀತಾರೆ. ಅವುಗಳಲ್ಲೂ ಕೆಫೀನ್ ಇರುತ್ತೆ. ಎರಡು ವಾರ ಕಡಿಮೆ ಮಾಡಿಸಿ ನೋಡಿ. ಒಂದೇ ದಿನ ಪೂರ್ತಿ ಬಿಡಿಸಬೇಡಿ, ತಲೆನೋವು ಬರುತ್ತೆ.

ಬೆಳಿಗ್ಗೆ ತಿಂಡಿ ತಿನ್ನದೆ ಓಡುತ್ತಾರಾ? ರಕ್ತದಲ್ಲಿ ಸಕ್ಕರೆ ಇಳಿದಾಗ ಕೈ ನಡುಗಿ, ಬೆವರು ಬಂದು, ಎದೆ ಡವಡವ ಅನ್ನುತ್ತೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೀಗಾದರೆ ತಕ್ಷಣ ಸಕ್ಕರೆಯನ್ನೋ ಸಿಹಿ ಪಾನಕವನ್ನೋ ಕೊಡಬೇಕು.

ಇನ್ನು ಮಾತ್ರೆಗಳ ಡಬ್ಬಿ ತೆಗೆಯಿರಿ. ಆಸ್ತಮಾಕ್ಕೆ ಕೊಡುವ ಸಾಲ್ಬುಟಮಾಲ್, ಥಿಯೋಫಿಲಿನ್, ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೊಯೇಟ್, ಮನೋರೋಗಕ್ಕೆ ಕೊಡುವ ಲಿಥಿಯಂ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಅಳತೆ ಮೀರಿದ ಥೈರಾಕ್ಸಿನ್ ಇವೆಲ್ಲ ಕೈ ನಡುಗಿಸಬಲ್ಲವು. ತಲೆಸುತ್ತಿಗೆ, ವಾಂತಿಗೆ ಅಂತ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗುವ ಸಿನ್ನರಿಜಿನ್, ಪ್ರೊಕ್ಲೋರ್‌ಪೆರಜಿನ್, ಮೆಟೊಕ್ಲೋಪ್ರಮೈಡ್‌ನಂಥವು ಕೈಕಾಲು ಬಿಗಿಸಿ ಪಾರ್ಕಿನ್ಸನ್ ತರಹದ ನಡುಕವನ್ನೇ ತರಬಲ್ಲವು. ಇದು ನಮ್ಮ ಹೆಂಗಸರಿಗೆ ವಿಶೇಷವಾಗಿ ಹೇಳಬೇಕಾದ ಮಾತು. "ಹೋದ ಸಲ ಡಾಕ್ಟರು ಇದೇ ಬರೆದಿದ್ರು" ಅಂತ ಹಳೇ ಚೀಟಿ ಹಿಡಿದು ವರ್ಷಾನುಗಟ್ಟಲೆ ಮಾತ್ರೆ ತರಿಸುವ ಅಭ್ಯಾಸ ನಮ್ಮಲ್ಲಿ ಇದೆಯಲ್ಲ! ಆದರೆ ಇದನ್ನು ಓದಿ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಫಿಟ್ಸ್ ಮಾತ್ರೆ ದಿಢೀರನೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ಬರೆದುಕೊಟ್ಟ ವೈದ್ಯರನ್ನು ಕೇಳಿ. ಅವರು ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆ ಕೊಡಬಹುದು.

ಗಂಡುಮಕ್ಕಳ ವಿಷಯದಲ್ಲಿ ಕೇಳಲು ಮುಜುಗರವಾದರೂ ಕೇಳಬೇಕಾದ್ದು ಇನ್ನೊಂದಿದೆ. ದಿನಾ ಕುಡಿಯುವವರಿಗೆ ಬೆಳಿಗ್ಗೆ ಕೈ ನಡುಗಿ, ಒಂದು ಗುಟುಕು ಬಿದ್ದ ಮೇಲೆ ನಿಂತರೆ ಅದು ಚಟದ ಗುರುತು. ಅದಕ್ಕೂ ಚಿಕಿತ್ಸೆ ಇದೆ. ಬೈದು ಪ್ರಯೋಜನವಿಲ್ಲ.

ಥೈರಾಯ್ಡ್ ಮರೆಯಬೇಡಿ

ಚೆನ್ನಾಗಿ ಊಟ ಮಾಡಿದರೂ ಮೈ ಇಳಿಯುತ್ತಿದೆಯೇ? ಎಲ್ಲರಿಗೂ ಚಳಿಯಾದರೆ ಇವಳಿಗೆ ಸೆಕೆಯೇ? ಎದೆ ಬಡಿತ ಜೋರು, ಅಂಗೈ ಬೆವರು, ಮುಟ್ಟಿನಲ್ಲಿ ಏರುಪೇರು, ಸಣ್ಣದಕ್ಕೂ ಸಿಡಿಮಿಡಿ, ಜೊತೆಗೆ ಬೆರಳುಗಳಲ್ಲಿ ಸಣ್ಣ ನಡುಕ ಇದ್ದರೆ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಇದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. "ಮದುವೆ ಚಿಂತೆಗೆ ಸೊರಗಿದ್ದಾಳೆ" ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ! ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವ ವಿಷಯ ಇದು. ಚಿಕಿತ್ಸೆ ಆದಂತೆ ನಡುಕವೂ ಇಳಿಯುತ್ತೆ. ಹಾಗಾಗಿ ಕೈ ನಡುಗುವ ಯಾವ ಯುವಕ ಯುವತಿಗೂ ಮಾಡಿಸಬೇಕಾದ ಮೊದಲ ಪರೀಕ್ಷೆ ಥೈರಾಯ್ಡಿನದ್ದೇ.

ತಾತನಿಂದ ಬಂದ ನಡುಕ

ಈಗ ನಮ್ಮ ವಳ್ಳೂರಿನ ಹುಡುಗಿಯ ವಿಷಯ. ಕಾಫಿ ಹೆಚ್ಚಿಲ್ಲ, ಯಾವ ಮಾತ್ರೆಯೂ ಇಲ್ಲ. ಕೈ ಎತ್ತಿ ಹಿಡಿದಾಗ, ಕೆಲಸ ಮಾಡುವಾಗ ಮಾತ್ರ ಎರಡೂ ಕೈಯಲ್ಲಿ ನಡುಕ. ಮನೆತನದಲ್ಲಿ ಇನ್ನೊಬ್ಬರಿಗೂ ಇದೆ. ಇದಕ್ಕೆ ವೈದ್ಯರು ಎಸೆನ್ಶಿಯಲ್ ಟ್ರೆಮರ್ ಅಂತಾರೆ. ವಂಶದಲ್ಲಿ ಹರಿದು ಬಂದರೆ ಅದನ್ನೇ ಕೌಟುಂಬಿಕ ನಡುಕ ಅನ್ನಬಹುದು. ಇದು ವಯಸ್ಸಾದವರಿಗೆ ಮಾತ್ರ ಬರೋದು ಅನ್ನುವುದು ತಪ್ಪು ತಿಳಿವಳಿಕೆ. ಹದಿಹರೆಯದಲ್ಲಿ, ಇಪ್ಪತ್ತರ ಹರೆಯದಲ್ಲಿ ಶುರುವಾಗುವವರೂ ಬಹಳ ಜನ. ಈ ನಡುಕ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರ ಮನೆಯಲ್ಲಿ ಇನ್ನೊಬ್ಬರಿಗೆ ಇದ್ದೇ ಇರುತ್ತೆ.

ಇದು ಪ್ರಾಣಕ್ಕೆ ಅಪಾಯ ತರುವ ಕಾಯಿಲೆ ಅಲ್ಲ. ಬಹಳ ಜನರಲ್ಲಿ ವರ್ಷಗಟ್ಟಲೆ ಹೆಚ್ಚೂ ಕಡಿಮೆ ಹಾಗೇ ಇರುತ್ತೆ, ಕೆಲವರಲ್ಲಿ ನಿಧಾನವಾಗಿ ಹೆಚ್ಚಾಗುತ್ತೆ. ಬುದ್ಧಿಗೆ, ಬಸಿರು ಬಾಣಂತನಕ್ಕೆ ಇದು ಅಡ್ಡಿಯಲ್ಲ. ಪೂರ್ತಿ ಹೋಗಿಸುವ ಔಷಧಿ ಇಲ್ಲ ನಿಜ, ಆದರೆ ಹತೋಟಿಗೆ ತರುವ ಮಾತ್ರೆಗಳಿವೆ. ಪ್ರೊಪ್ರನೊಲಾಲ್ ಅನ್ನುವುದು ಬಹಳ ಕಾಲದಿಂದ ಬಳಕೆಯಲ್ಲಿದೆ. ಕೆಲವರಿಗೆ ದಿನಾ ಬೇಕಾಗುತ್ತೆ, ಕೆಲವರಿಗೆ ಮುಖ್ಯ ಸಂದರ್ಭದ ಮುನ್ನ ಮಾತ್ರ ಸಾಕಾಗುತ್ತೆ. ಆಸ್ತಮಾ ಇದ್ದವರು ಇದನ್ನು ಮುಟ್ಟಬಾರದು. ಆದ್ದರಿಂದ ಪಕ್ಕದ ಮನೆಯವರ ಮಾತ್ರೆ ಕಡ ತಂದು ನುಂಗುವ ಹಾಗಿಲ್ಲ. ದಿನದ ಕೆಲಸಕ್ಕೆ ತೊಂದರೆಯಿಲ್ಲದಿದ್ದರೆ ಮಾತ್ರೆಯೇ ಬೇಡ ಅಂತಲೂ ವೈದ್ಯರು ಹೇಳಬಹುದು.

ಪಾರ್ಕಿನ್ಸನ್ ಅಂತ ಹೆದರಬೇಡಿ

ಕೈ ನಡುಗಿತು ಅಂದ ಕೂಡಲೇ "ಕಂಪವಾತ" ಅಂತ ಹಿರಿಯರು ಹೆದರಿಸುತ್ತಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ವಿವರಿಸಿದ ಆ ಕಾಯಿಲೆ ಸಾಮಾನ್ಯವಾಗಿ ಅರವತ್ತರ ಆಸುಪಾಸಿನಲ್ಲಿ ಬರುವಂಥದ್ದು. ಚಿಕ್ಕವರಲ್ಲಿ ಅಪರೂಪ. ಅಲ್ಲಿನ ನಡುಕ ಬೇರೆ ಥರ. ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟಾಗ ನಡುಗುತ್ತೆ, ಕೆಲಸಕ್ಕೆ ಎತ್ತಿದಾಗ ಕಡಿಮೆಯಾಗುತ್ತೆ. ಮೊದಲು ಒಂದು ಕೈಯಲ್ಲೇ ಶುರುವಾಗುತ್ತೆ. ಜೊತೆಗೆ ನಡಿಗೆ ನಿಧಾನ, ಮೈ ಬಿಗಿ, ಅಕ್ಷರ ಸಣ್ಣದಾಗುತ್ತಾ ಹೋಗುವುದು ಇರುತ್ತೆ. ನಮ್ಮ ಹುಡುಗಿಯ ನಡುಕ ಇದಕ್ಕೆ ಪೂರಾ ಉಲ್ಟಾ.

ಕಂಪವಾತಕ್ಕೆ ನಸುಗುನ್ನಿ ಬೀಜದ ಪುಡಿ ಒಳ್ಳೇದು ಅಂತ ಕೇಳಿರುತ್ತೀರಿ. ಅದರಲ್ಲಿ ಲೆವೊಡೋಪಾ ಎಂಬ ಔಷಧಾಂಶ ಇರುವುದು ನಿಜ. ಅದು ಪಾರ್ಕಿನ್ಸನ್‌ಗೆ ಕೊಡುವ ಔಷಧಿ. ಬೇರೆ ನಡುಕಕ್ಕೆ ಅದರಿಂದ ಪ್ರಯೋಜನವಿಲ್ಲ, ವಾಂತಿ ತಲೆಸುತ್ತು ಬರಬಹುದು. ಕಾಯಿಲೆ ಯಾವುದೆಂದು ತಿಳಿಯದೆ ಔಷಧಿ ಕೊಡೋದು, ಬೀಗ ನೋಡದೆ ಬೀಗದ ಕೈ ಮಾಡಿಸಿದ ಹಾಗೆ.

ಇದೊಂದನ್ನು ಮಾತ್ರ ತಡ ಮಾಡಬೇಡಿ

ಇಷ್ಟು ಹೊತ್ತು ಹೆದರಬೇಡಿ ಅಂದೆ. ಈಗ ಎಚ್ಚರಿಕೆಯ ಮಾತು. ಚಿಕ್ಕ ವಯಸ್ಸಿನವರಲ್ಲಿ ನಡುಕ ತರುವ, ಅಪರೂಪದ ಆದರೆ ತಪ್ಪಿಸಿಕೊಳ್ಳಲೇಬಾರದ ಕಾಯಿಲೆ ಒಂದಿದೆ. ಅದು ವಿಲ್ಸನ್ ಕಾಯಿಲೆ. 1912ರಲ್ಲಿ ಕಿನಿಯರ್ ವಿಲ್ಸನ್ ಎಂಬ ವೈದ್ಯರು ಇದನ್ನು ವಿವರಿಸಿದರು. ಊಟದಿಂದ ಬರುವ ತಾಮ್ರದ ಅಂಶ ಮೈಯಿಂದ ಹೊರಹೋಗದೆ ಯಕೃತ್ತಿನಲ್ಲಿ, ಮೆದುಳಿನಲ್ಲಿ ಸೇರಿಕೊಳ್ಳುತ್ತದೆ. ತಾಮ್ರದ ಚೊಂಬಿನ ನೀರು ಕುಡಿದದ್ದಕ್ಕೆ ಬರುವುದಲ್ಲ ಇದು. ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಬರುತ್ತೆ. ಅಕ್ಕನ ಮಗಳು, ಸೋದರಮಾವ, ಅತ್ತೆ ಮಗ ಅಂತ ಒಳಗೊಳಗೇ ಮದುವೆ ಮಾಡುವ ನಮ್ಮ ಸೀಮೆಗಳಲ್ಲಿ ಹೀಗಾಗುವ ಸಾಧ್ಯತೆ ಹೆಚ್ಚು.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂವತ್ತು ವರ್ಷಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅಂದರೆ ನಮ್ಮ ಮಗ್ಗುಲಲ್ಲೇ ಈ ಕಾಯಿಲೆಯನ್ನು ಚೆನ್ನಾಗಿ ಬಲ್ಲ ಆಸ್ಪತ್ರೆ ಇದೆ.

ಗುರುತು ಹಿಡಿಯೋದು ಹೇಗೆ? ನಡುಕದ ಜೊತೆ ಮಾತು ತೊದಲುವುದು, ಜೊಲ್ಲು ಸುರಿಯುವುದು, ಅಕ್ಷರ ಕೆಡುವುದು, ಚೆನ್ನಾಗಿ ಓದುತ್ತಿದ್ದ ಮಗು ಇದ್ದಕ್ಕಿದ್ದಂತೆ ಹಿಂದೆ ಬೀಳುವುದು, ಸ್ವಭಾವ ಬದಲಾಗುವುದು, ಹಿಂದೆ ಪದೇ ಪದೇ ಕಾಮಾಲೆ ಆಗಿರುವುದು. ಇಂಥವರ ಕಣ್ಣಿನ ಕಪ್ಪು ಭಾಗದ ಸುತ್ತ ಕಂದು ಬಣ್ಣದ ಉಂಗುರ ಕಾಣಬಹುದು. ಕಣ್ಣಿನ ವೈದ್ಯರು ಉಪಕರಣದಲ್ಲಿ ನೋಡಿ ಹೇಳುತ್ತಾರೆ. ರಕ್ತ ಮತ್ತು ಇಪ್ಪತ್ತನಾಲ್ಕು ಗಂಟೆಯ ಮೂತ್ರದ ಪರೀಕ್ಷೆಯೂ ಬೇಕು. ಬೇಗ ಶುರು ಮಾಡಿದರೆ ಪೆನಿಸಿಲಮಿನ್, ಜಿಂಕ್‌ನಂಥ ಮಾತ್ರೆಗಳಿಂದ ಸಹಜ ಬದುಕು ಸಾಧ್ಯ. ಆದರೆ ಮಾತ್ರೆ ಜೀವನಪೂರ್ತಿ. ವಾಸಿಯಾಯ್ತು ಅಂತ ನಿಲ್ಲಿಸುವ ಹಾಗಿಲ್ಲ. ಒಬ್ಬರಿಗೆ ಇದ್ದರೆ ಒಡಹುಟ್ಟಿದ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅವರು ಗುಂಡುಕಲ್ಲಿನ ಹಾಗಿದ್ದರೂ ಪರೀಕ್ಷೆ ಮಾಡಿಸಲೇಬೇಕು.

ನೀರಿನ ಮೇಲೆ ಗೂಬೆ ಕೂರಿಸಬೇಡಿ

ಪಾವಗಡ, ಸಿರಾ, ಮಧುಗಿರಿ ಕಡೆಯವರು ಇನ್ನೊಂದು ಮಾತು ಹೇಳ್ತಾರೆ. "ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ, ಅದಕ್ಕೇ ಕೈ ನಡುಗುತ್ತೆ." ಆ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಸತ್ಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಮೀರಿದರೆ ಹಲ್ಲು ಕಂದಾಗುತ್ತೆ, ವರ್ಷಗಳು ಕಳೆದಂತೆ ಕೀಲು ಹಿಡಿದು ಬೆನ್ನು ಬಗ್ಗದಂತಾಗುತ್ತೆ. ಶುದ್ಧ ನೀರಿಗಾಗಿ ಪಟ್ಟು ಹಿಡಿಯಲೇಬೇಕು. ಆದರೆ ಹಲ್ಲು ಮೂಳೆ ಚೆನ್ನಾಗಿರುವ ಹುಡುಗಿಯ ಕೈ ನಡುಕಕ್ಕೆ ನೀರನ್ನೇ ದೂರಿ ಕೂತರೆ, ಥೈರಾಯ್ಡೋ ಇನ್ನೊಂದೋ ಕೈತಪ್ಪಿ ಹೋಗುತ್ತೆ.

ವೈದ್ಯರ ಬಳಿ ಹೋಗುವಾಗ

ಒಂದು ಚೀಟಿಯಲ್ಲಿ ಇಷ್ಟನ್ನು ಬರೆದುಕೊಳ್ಳಿ. ನಡುಕ ಶುರುವಾದದ್ದು ಯಾವಾಗ? ಒಂದು ಕೈಯೋ ಎರಡೂ ಕೈಯೋ? ಸುಮ್ಮನಿದ್ದಾಗಲೋ, ಕೆಲಸ ಮಾಡುವಾಗಲೋ? ಮನೆಯಲ್ಲಿ ಇನ್ಯಾರಿಗಿದೆ? ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಕಷಾಯ, ಪುಡಿ ಯಾವುವು? ಕಾಗದದ ಮೇಲೆ ಸುರುಳಿಯೊಂದನ್ನು ಬರೆಸಿ, ಕೆಳಗೆ ಹೆಸರು ಬರೆಸಿ, ತಾರೀಖು ಹಾಕಿ. ತುಂಬಿದ ಲೋಟದಿಂದ ನೀರು ಕುಡಿಯುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ಆರು ತಿಂಗಳ ನಂತರ ಹೋಲಿಸಿ ನೋಡಲು ಇದರಷ್ಟು ಒಳ್ಳೆಯ ದಾಖಲೆ ಬೇರೆ ಇಲ್ಲ.

ಮೊದಲು ಹತ್ತಿರದ ಫಿಸಿಷಿಯನ್ ಹತ್ತಿರ ಹೋದರೆ ಸಾಕು. ನಡುಕ ದಿಢೀರನೆ ಶುರುವಾಗಿದ್ದರೆ, ಒಂದೇ ಕಡೆ ಇದ್ದರೆ, ಮಾತು ನಡಿಗೆ ಕೆಟ್ಟಿದ್ದರೆ, ಕೈಕಾಲಿನಲ್ಲಿ ಶಕ್ತಿ ಕುಗ್ಗಿದ್ದರೆ ಮಾತ್ರ ನರರೋಗ ತಜ್ಞರನ್ನು ತಡಮಾಡದೆ ಕಾಣಿ. ಆತಂಕ, ನಿದ್ದೆಯಿಲ್ಲದಿರುವುದೇ ಕಾರಣ ಅನ್ನಿಸಿದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾದ ಇದಕ್ಕೆ ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

"ನರದೌರ್ಬಲ್ಯ" ಅನ್ನುವ ಪದವನ್ನು ಮಾತ್ರ ದಯವಿಟ್ಟು ಮನೆಯಿಂದ ಆಚೆ ಹಾಕಿ. ಅದು ಕಾಯಿಲೆಯ ಹೆಸರೇ ಅಲ್ಲ. ಬಸ್‌ಸ್ಟ್ಯಾಂಡ್ ಗೋಡೆಯ ಜಾಹೀರಾತಿನವರು ಟಾನಿಕ್ ಮಾರಲು ಸಾಕಿಕೊಂಡ ಪದ. ಮೈಯಲ್ಲಿ ಬಿ12 ಕಡಿಮೆಯಿದ್ದರೆ ವೈದ್ಯರು ಪರೀಕ್ಷಿಸಿ ಇಂಜೆಕ್ಷನ್ ಕೊಡುತ್ತಾರೆ, ಅದು ಸರಿ. ಸುಮ್ಮಸುಮ್ಮನೆ ಚುಚ್ಚಿಸಿಕೊಂಡರೆ ಹಗುರಾಗುವುದು ನಮ್ಮ ಪರ್ಸು ಮಾತ್ರ.

ಕಾಫಿ ತಟ್ಟೆ ಯಾರು ಹಿಡಿಯಬೇಕು?

ಕೊನೆಗೆ ಮನಸ್ಸಿನ ಮಾತು. ಮುಚ್ಚಿಟ್ಟು ಮದುವೆ ಮಾಡಿದರೆ ಹುಡುಗಿ ದಿನಾ ಹೆದರಿಕೊಂಡು ಬದುಕಬೇಕು. ಅತ್ತೆಯ ಎದುರು ಸಾರು ಬಡಿಸುವಾಗ, ಹಬ್ಬಕ್ಕೆ ರಂಗೋಲಿ ಎಳೆ ಎಳೆಯುವಾಗ ಕೈಗಿಂತ ಮೊದಲು ಎದೆ ನಡುಗುತ್ತೆ. ಹೆದರಿಕೆಗೆ ನಡುಕ, ನಡುಕಕ್ಕೆ ಹೆದರಿಕೆ... ಎಲ್ಲಿಗೆ ನಿಲ್ಲುತ್ತೆ ಇದು? ಮೊದಲೇ ಹೇಳಿಬಿಟ್ಟರೆ ಆ ಭಾರ ಇಳಿಯುತ್ತೆ. ನಿಜ, ಹೇಳಿದ್ದಕ್ಕೆ ಒಂದೆರಡು ಸಂಬಂಧ ತಪ್ಪಬಹುದು. ಕಪ್ಪು ಅಲುಗಿದ್ದಕ್ಕೇ ಎದ್ದು ಹೋಗುವವರು, ನಾಳೆ ನಿಜವಾದ ಕಷ್ಟ ಬಂದಾಗ ಜೊತೆಗೆ ನಿಲ್ಲುತ್ತಾರಾ? ಯೋಚಿಸಿ.

ಗಂಡು ಹೆತ್ತವರಿಗೂ ಒಂದು ಮಾತು. ಮುಂದಿನ ಸಲ ಯಾರದೋ ಮನೆಯಲ್ಲಿ ಕಾಫಿ ಕಪ್ಪು ಸದ್ದು ಮಾಡಿದರೆ, ಎದ್ದು ಹೋಗಿ ತಟ್ಟೆಗೆ ಕೈ ಕೊಡಿ. "ಬಾಮ್ಮಾ, ಕೂತ್ಕೋ" ಅನ್ನಿ. ಅಷ್ಟಕ್ಕೆ ಅವಳ ಅರ್ಧ ನಡುಕ ನಿಂತಿರುತ್ತೆ.

ನಮ್ಮ ಹುಡುಗಿಯನ್ನು ತುಮಕೂರಿನಲ್ಲಿ ಡಾಕ್ಟರಿಗೆ ತೋರಿಸಿದೆವು. ಥೈರಾಯ್ಡ್ ಸರಿಯಾಗಿದೆ, ಬೇರೇನೂ ಇಲ್ಲ, ತಾತನ ಬಳುವಳಿ ಅಷ್ಟೇ ಅಂದರು. ಸದ್ಯಕ್ಕೆ ಮಾತ್ರೆಯೂ ಬೇಡ ಅಂದರು. ಅವಳೀಗ ಲೋಟವನ್ನು ಮುಕ್ಕಾಲು ಮಾತ್ರ ತುಂಬಿಸುತ್ತಾಳೆ, ದಪ್ಪ ಪೆನ್ನಿನಲ್ಲಿ ಬರೆಯುತ್ತಾಳೆ, ಬೋರ್ಡ್ ಮೇಲೆ ಬರೆಯುವಾಗ ಮೊಣಕೈಗೆ ಇನ್ನೊಂದು ಕೈ ಆನಿಸುತ್ತಾಳೆ. ಮಕ್ಕಳು ಕೇಳಿದರೆ "ನಮ್ಮ ತಾತನ ಕೈ ಇದು" ಅಂತ ನಗ್ತಾಳಂತೆ.

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಇನ್ನೊಂದು ಸಂಬಂಧ ಬಂದಿದೆಯಂತೆ. ಈ ಸಲ ಅವಳೇ ಮೊದಲು ಫೋನಿನಲ್ಲಿ ಹೇಳಿದಳಂತೆ: "ನಮ್ಮ ಹುಡುಗಿಗೆ ಕೈ ಸ್ವಲ್ಪ ನಡುಗುತ್ತೆ. ಡಾಕ್ಟರಿಗೆ ತೋರಿಸಿದ್ದೀವಿ, ಕಾಯಿಲೆ ಅಂತ ಹೆದರೋದೇನಿಲ್ಲ. ಒಪ್ಪಿಗೆಯಿದ್ರೆ ಬನ್ನಿ. ಕಾಫಿ ನಾನೇ ತರ್ತೀನಿ."

ಆ ಕಡೆಯಿಂದ ಏನಂದರೋ ಅಕ್ಕ ಹೇಳಲಿಲ್ಲ. ಭಾನುವಾರ ಬರ್ತಾರೆ ಅಂದಳು, ಅಷ್ಟೆ. ಆದರೆ ಎರಡು ವರ್ಷದಲ್ಲಿ ಮೊದಲ ಸಲ ಅವಳ ದನಿ ನಡುಗುತ್ತಿರಲಿಲ್ಲ.